ಬಲ್ಲವರ ಮಾತು, ಮಾರಿಕುಪ್ಪದ ಚಿನ್ನ

ಶ್ರೀರಂಗಪಟ್ಟಣದ ಕೋಟೆ ಬಿದ್ದು ಮೂರು ವರ್ಷವಾಗಿತ್ತು. ಟಿಪ್ಪುವಿನ ರಾಜ್ಯವನ್ನು ಗೆದ್ದವರು ಹಂಚಿಕೊಂಡಿದ್ದರು. ಒಡೆಯರ ಮನೆತನಕ್ಕೆ ಮರಳಿಸಿದ ಮೈಸೂರಿನ ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ಕಂಪನಿಯ ಸೀಮೆ ಎಲ್ಲಿಂದ ಶುರುವಾಗುತ್ತದೆ ಎಂದು ಗುರುತು ಹಾಕುವ ಕೆಲಸ ನಡೆದಿತ್ತು. ಮೂಡಣ ಗಡಿಯ ಅಳತೆಗಾಗಿ 1802ರಲ್ಲಿ ಕೋಲಾರದ ಕಡೆಗೆ ಬಂದವನು 33ನೇ ಪದಾತಿ ದಳದ ಲೆಫ್ಟಿನೆಂಟ್ ಜಾನ್ ವಾರನ್. ಫ್ರೆಂಚ್ ಮನೆತನದಲ್ಲಿ ಹುಟ್ಟಿ ಇಂಗ್ಲಿಷರ ಸೇನೆ ಸೇರಿದವನು. ಮುಂದೆ ಮದರಾಸಿನ ಖಗೋಳ ವೀಕ್ಷಣಾಲಯದ ಹೊಣೆ ಹೊತ್ತವನು. ನಮ್ಮ ಪಂಚಾಂಗಗಳ ಕಾಲಗಣನೆಯನ್ನು ಕುರಿತು ‘ಕಾಲಸಂಕಲಿತ’ ಎಂಬ ದೊಡ್ಡ ಗ್ರಂಥವನ್ನು ಬರೆದವನು. ಕಂಡದ್ದನ್ನು ಅಳೆಯಬೇಕು, ಕೇಳಿದ್ದನ್ನು ಪರೀಕ್ಷಿಸಬೇಕು ಎಂಬುದು ಆತನ ಸ್ವಭಾವವಾಗಿತ್ತು.

ಎರ್ರಕೊಂಡದ ಗುಡ್ಡಗಳ ಸುತ್ತ ಸರಪಳಿ ಎಳೆಸುತ್ತಿದ್ದಾಗ ಅವನ ಕಿವಿಗೆ ಒಂದು ಸುದ್ದಿ ಬಿತ್ತು. ಈ ನೆಲದಲ್ಲಿ ಚಿನ್ನವಿದೆ, ಬಡವರು ಅದನ್ನು ಮಣ್ಣಿನಿಂದ ತೊಳೆದು ತೆಗೆಯುತ್ತಾರೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಬೇರೊಬ್ಬ ಅಧಿಕಾರಿಯಾಗಿದ್ದರೆ ಹಳ್ಳಿಯ ಹರಟೆ ಎಂದು ನಕ್ಕು ಮುಂದೆ ಹೋಗುತ್ತಿದ್ದ. ವಾರನ್ ಬಹುಮಾನ ಸಾರಿದ. ಉರಿಗಾಂ ಕಡೆಯ ಹಳ್ಳಿಗರು ಎತ್ತಿನ ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದರು, ಅವನ ಕಣ್ಣೆದುರೇ ತೊಳೆದರು, ತಳದಲ್ಲಿ ಹೊಳೆದ ಹುಡಿಯನ್ನು ತೋರಿಸಿದರು. ಅವನು ತೂಗಿ ನೋಡಿದ. ಸುಮಾರು 120 ಪೌಂಡು ಮಣ್ಣಿಗೆ ಒಂದು ಗ್ರೇನ್ ಚಿನ್ನ ಸಿಗುತ್ತದೆ ಎಂದು ಬರೆದುಕೊಂಡ. ಅಲ್ಲಿಂದ ಮಾರಿಕುಪ್ಪಕ್ಕೆ ಹೋದ. ಅಲ್ಲಿ ಮಣ್ಣು ತೊಳೆಯುವುದಷ್ಟೇ ಅಲ್ಲ, ಕಲ್ಲನ್ನೇ ಅಗೆಯುವ ಗುಂಡಿಗಳಿದ್ದವು. ಒಂದು 30 ಅಡಿ ಆಳ, ಇನ್ನೊಂದು 45 ಅಡಿ. ಊರಾಚೆಯ ಕೇರಿಗಳ ಗಂಡಸರು ಕೆಳಗಿಳಿದು ಕಲ್ಲು ಒಡೆದು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೇಲೆ ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ತೊಳೆಯುತ್ತಿದ್ದರು.

ಆ ಗುಂಡಿಗಳ ಹಿಂದೆ ಇದ್ದ ಕಾಲ ಬಹಳ ಉದ್ದದ್ದು. ತಲಕಾಡಿಗೆ ಹೋಗುವ ಮೊದಲು ಗಂಗರು ರಾಜಧಾನಿ ಮಾಡಿಕೊಂಡಿದ್ದ ಕುವಳಾಲವೇ ಇಂದಿನ ಕೋಲಾರ. ‘ಕುವಳಾಲಪುರದ ಒಡೆಯ’ ಎಂಬ ಬಿರುದನ್ನು ಆ ರಾಜರು ರಾಜಧಾನಿ ಬದಲಾದ ಮೇಲೂ ಬಿಡಲಿಲ್ಲ. ಗಣಿಗಳ ಹಳೆಯ ಅಗೆತಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲವನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಅವು ಸಾವಿರ ವರ್ಷಕ್ಕೂ ಹಿಂದಿನವು ಎಂದು ತಿಳಿದುಬಂತು. ಸಿಡಿಮದ್ದಿಲ್ಲದ ಕಾಲದಲ್ಲಿ, ಬೆಂಕಿಯಿಂದ ಬಂಡೆಯನ್ನು ಕಾಯಿಸಿ ನೀರೆರಚಿ ಬಿರಿಯುವಂತೆ ಮಾಡಿ, ಆ ಬಿರುಕಿಗೆ ಉಳಿಯಿಟ್ಟು ಇಳಿದವರು ಅವರು. ಹೆಸರಿಲ್ಲದ ಆ ಜನ ಎಲ್ಲಿ ಅಗೆಯಬೇಕು ಎಂಬುದನ್ನು ತಪ್ಪಿಲ್ಲದೆ ಬಲ್ಲವರಾಗಿದ್ದರು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಲಂಡನ್ನಿನ ದೊಡ್ಡ ದೊಡ್ಡವರ ಹಣ ಮುಳುಗುವ ಹೊತ್ತಿಗೆ ದಾರಿ ತೋರಿದ್ದು ಈ ಹೆಸರಿಲ್ಲದವರ ಅಗೆತಗಳೇ.

ವಾರನ್ನನ ವರದಿ 1804ರಲ್ಲಿ ಅಚ್ಚಾಯಿತು. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಬಂದು ಹಳೆಯ ಗುಂಡಿಗಳಲ್ಲಿ ಕೈಯಾಡಿಸಿ ಹೋದರು. ಅವಘಡಗಳಾದವು, 1859ರಲ್ಲಿ ನೆಲದಡಿಯ ಅಗೆತವನ್ನೇ ಸರ್ಕಾರ ನಿಷೇಧಿಸಿತು. ಹಳ್ಳಿಗರು ಹೇಳಿದ್ದು, ಅಧಿಕಾರಿ ಬರೆದಿಟ್ಟದ್ದು ಎರಡೂ ಸುಮಾರು ಎಪ್ಪತ್ತು ವರ್ಷ ಕೇಳುವ ಕಿವಿಯಿಲ್ಲದೆ ಬಿದ್ದಿದ್ದವು.

ಆ ಹೊತ್ತಿಗೆ ಸೀಮೆಯ ರೂಪ ಬದಲಾಗಿತ್ತು. 1831ರಿಂದ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದರು. 1864ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. 1862ರಿಂದ 1870ರವರೆಗೆ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗರ ಹೆಸರಿನಲ್ಲಿ ರೈಲು ದಾರಿಯ ಬಳಿ ಪೇಟೆಯೊಂದು ಬೆಳೆಯಿತು. ಬೌರಿಂಗ್‌ಪೇಟೆ ಎಂದು ಬರೆದದ್ದನ್ನು ಜನ ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಬಂಗಾರಪೇಟೆ ಎಂದರು. ಚಿನ್ನದ ನಾಡಿನ ಹೆಬ್ಬಾಗಿಲಿಗೆ ಆ ಹೆಸರೇ ನಿಂತಿತು.

1871ರಲ್ಲಿ ವಾರನ್ನನ ಬರಹವನ್ನು ಓದಿ ಮನಸ್ಸಿಗೆ ತಂದುಕೊಂಡವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್. ಐರ್ಲೆಂಡಿನವನು, ನ್ಯೂಜಿಲೆಂಡಿನ ಮಾವೊರಿ ಯುದ್ಧಗಳಲ್ಲಿ ಕಾದಾಡಿ, ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ. ನ್ಯೂಜಿಲೆಂಡಿನಲ್ಲಿ ಚಿನ್ನದ ಅಗೆತವನ್ನು ಕಣ್ಣಾರೆ ಕಂಡಿದ್ದ. ಎತ್ತಿನ ಗಾಡಿ ಹತ್ತಿ ಸುಮಾರು ಅರವತ್ತು ಮೈಲಿ ದೂರದ ಕೋಲಾರ ಸೀಮೆಗೆ ಹೋಗಿ, ತಿಂಗಳುಗಟ್ಟಲೆ ನೆಲ ಹುಡುಕಿ, 1873ರಲ್ಲಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ಕಲ್ಲಿದ್ದಲು ಹುಡುಕುವುದಾದರೆ ಹುಡುಕು, ಚಿನ್ನವೆಲ್ಲಿಂದ ಬಂತು ಎಂಬ ಭಾವ ಅಧಿಕಾರಿಗಳದು. ಅವನು ಪಟ್ಟು ಬಿಡಲಿಲ್ಲ. 1875ರ ಫೆಬ್ರವರಿಯಲ್ಲಿ ಇಪ್ಪತ್ತು ವರ್ಷದ ಗುತ್ತಿಗೆ ಕೈಗೆ ಬಂತು. ಉರಿಗಾಂ ಬಳಿ ಬಾವಿ ತೋಡಿಸಿದ. ಆದರೆ ಗಣಿಯ ಕೆಲಸ ಒಬ್ಬನ ಉಳಿತಾಯದಿಂದ ಸಾಗುವಂಥದ್ದಲ್ಲ. 1877ರಲ್ಲಿ ಅವನ ಹಕ್ಕು ಮೇಜರ್ ಜನರಲ್ ಬೆರೆಸ್‌ಫರ್ಡ್ ಮತ್ತು ಅವರ ಜೊತೆಗಾರರ ಕೈಸೇರಿತು. ಬೆಂಗಳೂರಿನ ಲವೆಲ್ ರಸ್ತೆ ಇಂದಿಗೂ ಆ ಮನುಷ್ಯನ ಹೆಸರನ್ನು ಹೇಳುತ್ತದೆ.

ಮುಂದಿನ ನಾಲ್ಕೈದು ವರ್ಷ ಭ್ರಮೆಯ ವರ್ಷಗಳು. ನೆರೆಯ ವಯನಾಡು, ನೀಲಗಿರಿಗಳಲ್ಲಿ ಚಿನ್ನದ ಹುಚ್ಚು ಏರಿತ್ತು. ಆಸ್ಟ್ರೇಲಿಯಾದಿಂದ ಕರೆಸಿದ ಬ್ರೋ ಸ್ಮಿತ್ ಎಂಬ ತಜ್ಞ ಆಸೆ ಹುಟ್ಟಿಸುವ ವರದಿ ಕೊಟ್ಟ. ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಎದ್ದವು. ಕಾಫಿ ತೋಟಗಳನ್ನು ಚಿನ್ನದ ಬೆಲೆಗೆ ಕೊಂಡರು. ಕಲ್ಲು ಅರೆದು ನೋಡಿದಾಗ ಚಿನ್ನ ಖರ್ಚಿಗೂ ಸಾಲಲಿಲ್ಲ. ಒಂದೆರಡು ವರ್ಷದಲ್ಲಿ ಎಲ್ಲವೂ ಕುಸಿಯಿತು. ಸಲಹೆ ಕೇಳಿದವರೆಲ್ಲ ಉದ್ಧಾರವಾಗುವುದಿಲ್ಲ ಎಂಬುದಕ್ಕೆ ವಯನಾಡು ಸಾಕ್ಷಿ. ಅಲ್ಲಿ ಜನ ಕೇಳಿದ್ದು ತಮ್ಮ ಆಸೆಗೆ ಹಿತವಾದ ಮಾತನ್ನು. ಕಿವಿಗೆ ಹಿತವಾದದ್ದನ್ನು ಕೇಳಲು ವಿವೇಕ ಬೇಕಾಗಿಲ್ಲ.

ಅದೇ ಅಲೆಯಲ್ಲಿ ಕೋಲಾರದಲ್ಲೂ ಕಂಪನಿಗಳು ಹುಟ್ಟಿದವು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ನೋಂದಣಿಯಾಯಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಹೆಸರು ಮಾಡಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಯ ಮೇಲ್ವಿಚಾರಣೆಗೆ ಬಂತು. 1881ರಲ್ಲಿ ರಾಜ್ಯವು ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಹೊಸ ಸರ್ಕಾರ ಗಣಿಗಳ ಕಡೆಗೆ ಕಣ್ಣಿಟ್ಟು ಕಾದಿತ್ತು. ಆದರೆ ತೋಡಿದ ಬಾವಿಗಳಲ್ಲಿ ಬರಿಯ ಬಿಳಿಗಲ್ಲು. ಯಂತ್ರ ಬಂತು, ಮನೆಗಳೆದ್ದವು, ಸಂಬಳ ಕೊಟ್ಟದ್ದಾಯಿತು, ಚಿನ್ನ ಬರಲಿಲ್ಲ. ಒಂದೊಂದೇ ಕಂಪನಿ ಕೆಲಸ ನಿಲ್ಲಿಸಿತು. ಪಾಲುಪತ್ರಗಳ ಬೆಲೆ ಪೆನ್ನಿಗಳಿಗೆ ಇಳಿಯಿತು. 1883ರ ಹೊತ್ತಿಗೆ ಮೈಸೂರು ಕಂಪನಿಯ ಬೊಕ್ಕಸದಲ್ಲಿ ಉಳಿದಿದ್ದುದು ಸುಮಾರು 13,000 ಪೌಂಡು.

ಅಂಥ ಹೊತ್ತಿನಲ್ಲಿ ಪಾಲುದಾರರ ಮನಸ್ಸು ಎತ್ತ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೋದದ್ದು ಹೋಯಿತು, ಉಳಿದ ಹಣವನ್ನಾದರೂ ಉಳಿಸಿಕೊಳ್ಳೋಣ ಎಂಬ ಮಾತೆದ್ದಿತು. ವಯನಾಡಿನ ಸುಟ್ಟ ಬೆರಳುಗಳು ಇನ್ನೂ ಆರಿರಲಿಲ್ಲ. ಅದರ ಎದುರಿಗೆ ಗಣಿಯ ಮರ್ಮ ಬಲ್ಲ ಟೇಲರ್ ಸಂಸ್ಥೆಯ ಸಲಹೆ ಒಂದೇ ನಿಂತಿತ್ತು: ಒಬ್ಬ ಅನುಭವಿ ಗಣಿಗನನ್ನು ಕಳಿಸಿ, ಈ ಕೊನೆಯ ಹಣದಲ್ಲಿ ಇನ್ನೊಮ್ಮೆ, ಸರಿಯಾದ ಜಾಗದಲ್ಲಿ, ಆಳಕ್ಕೆ ಹೋಗಿ ನೋಡಬೇಕು.

ತಲೆಗಳನ್ನು ಎಣಿಸುವುದೋ, ತಲೆಯೊಳಗಿನ ತಿಳಿವನ್ನು ತೂಗುವುದೋ? ಈ ಪ್ರಶ್ನೆ ಲಂಡನ್ನಿನಲ್ಲಿ ಹುಟ್ಟಿದ್ದಲ್ಲ. ಎರಡೂವರೆ ಸಾವಿರ ವರ್ಷಗಳ ಹಿಂದೆ ಚೀನಾದ ಒಂದು ಸೇನಾಶಿಬಿರದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿ ಸಿಕ್ಕ ಉತ್ತರ ಚೀನೀಯರ ನಾಣ್ಣುಡಿಯಾಗಿ ಇಂದಿಗೂ ಬಳಕೆಯಲ್ಲಿದೆ. ಕೋಲಾರದ ಕಥೆಯ ಬೆನ್ನೆಲುಬು ಆ ಕಥೆಯ ಬೆಳಕಿನಲ್ಲಿ ಸ್ಪಷ್ಟವಾಗುವುದರಿಂದ ಅದನ್ನು ಇಲ್ಲಿ ಹೇಳಬೇಕು.

ಝೌ ಅರಸರ ಹಿಡಿತ ಸಡಿಲಗೊಂಡು ಸಾಮಂತರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಕಾಲ ಅದು. ಹಳದಿ ನದಿಯ ಸೀಮೆಯಲ್ಲಿ ಜಿನ್ ರಾಜ್ಯ, ತೆಂಕಣದಲ್ಲಿ ಚು ರಾಜ್ಯ, ಎರಡೂ ಬಲಿಷ್ಠ. ನಡುವೆ ಸಿಕ್ಕಿದ್ದ ಝೆಂಗ್, ತ್ಸಾಯಿಯಂಥ ಸಣ್ಣ ರಾಜ್ಯಗಳು ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತಿದ್ದವು. ಕ್ರಿ.ಪೂ. 597ರಲ್ಲಿ ಬಿ ಎಂಬಲ್ಲಿ ಎರಡು ದೊಡ್ಡ ಸೇನೆಗಳು ಎದುರಾದವು. ಈಗ ಹೋರಾಡುವುದು ಬೇಡ, ಚು ಬಲವಾಗಿದೆ, ಹಿಂದಿರುಗೋಣ ಎಂದು ಜಿನ್ ಸೇನೆಯ ಹಿರಿಯರು ಹೇಳಿದರು. ಆಗ ಕೆಳದಳದಲ್ಲಿದ್ದ ಲುವಾನ್ ಶು ಕೂಡ ಎಚ್ಚರದ ಪಕ್ಷದಲ್ಲೇ ನಿಂತಿದ್ದ. ಆದರೆ ಒಬ್ಬ ದುಡುಕಿನ ಉಪಸೇನಾನಿ ಯಾರ ಮಾತನ್ನೂ ಕೇಳದೆ ತನ್ನ ದಳದೊಡನೆ ನದಿ ದಾಟಿದ. ಝಾವೊ ಟೊಂಗ್, ಝಾವೊ ಕುವೊ ಎಂಬ ಸೋದರರು ಅವನಿಗೆ ಕುಮ್ಮಕ್ಕು ಕೊಟ್ಟರು. ಒಬ್ಬನ ಹಠಕ್ಕೆ ಸೇನೆಯೆಲ್ಲ ಬೆನ್ನು ಹತ್ತಬೇಕಾಯಿತು. ಸೋಲು ಭೀಕರವಾಗಿತ್ತು. ಓಡಿಬಂದವರು ದೋಣಿಗಳಿಗಾಗಿ ತಮ್ಮತಮ್ಮಲ್ಲೇ ಕಡಿದಾಡಿದರು; ಅಂಚು ಹಿಡಿದು ಹತ್ತಲೆಳಸಿದವರ ಬೆರಳುಗಳನ್ನು ದೋಣಿಯಲ್ಲಿದ್ದವರು ಕತ್ತರಿಸಿದರು; ಆ ಬೆರಳುಗಳನ್ನು ಬೊಗಸೆಯಲ್ಲಿ ಎತ್ತಬಹುದಾಗಿತ್ತು ಎಂದು ಆ ಕಾಲದ ಇತಿಹಾಸ ಬರೆದಿಟ್ಟಿದೆ.

ಹನ್ನೆರಡು ವರ್ಷ ಕಳೆಯಿತು. ಕ್ರಿ.ಪೂ. 585. ಲುವಾನ್ ಶು ಈಗ ಜಿನ್‌ನ ಮಹಾಸೇನಾನಿ. ಚು ಸೇನೆ ಝೆಂಗ್ ಮೇಲೆ ಬಿದ್ದಾಗ ಅದನ್ನು ಕಾಪಾಡಲು ಹೊರಟ. ಅವನು ಬಂದದ್ದನ್ನು ಕಂಡು ಚು ಹಿಂದೆ ಸರಿಯಿತು. ಜಿನ್ ಸೇನೆ ಅಲ್ಲಿಗೇ ನಿಲ್ಲದೆ ಚು ಕಡೆಗಿದ್ದ ತ್ಸಾಯಿ ರಾಜ್ಯದೊಳಕ್ಕೆ ನುಗ್ಗಿತು. ಅದನ್ನು ತಡೆಯಲು ಚು ತನ್ನ ಎರಡು ಪ್ರಾಂತಗಳ, ಶೆನ್ ಮತ್ತು ಶಿಯ, ಪಡೆಗಳನ್ನು ಕಳಿಸಿತು. ಸಾಂಗ್‌ಸುಯಿ ಎಂಬಲ್ಲಿ ಎರಡೂ ಕಡೆಯವರು ಮುಖಾಮುಖಿಯಾದರು. ಅದೇ ಝಾವೊ ಸೋದರರು ಮತ್ತೆ ಮುಂದೆ ಬಂದು ಯುದ್ಧಕ್ಕೆ ಅಪ್ಪಣೆ ಬೇಡಿದರು. ಲುವಾನ್ ಶು ಒಪ್ಪುವುದರಲ್ಲಿದ್ದ.

ಆಗ ಮೂವರು ಎದ್ದು ನಿಂತರು: ಶುನ್ ಶೋ, ಶಿ ಶಿಯೆ, ಹಾನ್ ಜುಯೆ. ಅವರ ವಾದ ನೇರವಾಗಿತ್ತು. ನಾವು ಬಂದದ್ದು ಝೆಂಗ್ ಅನ್ನು ಕಾಪಾಡಲು. ಚು ಹಿಂದೆ ಸರಿದ ಮೇಲೆ ಆ ಕೆಲಸ ಮುಗಿಯಿತು. ಇಲ್ಲಿಗೆ ಬಂದು ಕೊಲ್ಲುವುದನ್ನು ಬೇರೊಂದು ನೆಲಕ್ಕೆ ಸಾಗಿಸಿದ್ದೇವೆ. ಗೆದ್ದರೂ, ದೊಡ್ಡ ಸೇನೆ ಕಟ್ಟಿಕೊಂಡು ಬಂದು ಎರಡು ಪ್ರಾಂತಗಳ ಪಡೆಯನ್ನು ಸೋಲಿಸಿದ್ದರಲ್ಲಿ ಕೀರ್ತಿಯೇನು? ಸೋತರೆ ಅವಮಾನಕ್ಕೆ ಎಲ್ಲೆಯಿಲ್ಲ. ಹಿಂದಿರುಗುವುದೇ ಲೇಸು.

ಲುವಾನ್ ಶು ಸೇನೆಯನ್ನು ಹಿಂದಕ್ಕೆ ತಿರುಗಿಸಿದ. ಹಲವರಿಗೆ ಇದನ್ನು ಸಹಿಸಲಾಗಲಿಲ್ಲ. ಒಬ್ಬ ಬಂದು ಕೇಳಿದ: ನಿಮ್ಮ ಕೈಕೆಳಗೆ ಹನ್ನೊಂದು ಮಂದಿ ಸಹಾಯಕರಿದ್ದಾರೆ, ಯುದ್ಧ ಬೇಡ ಎನ್ನುವವರು ಮೂವರು ಮಾತ್ರ, ಹೆಚ್ಚಿನವರ ಮಾತನ್ನೇಕೆ ನಡೆಸುವುದಿಲ್ಲ? ಲುವಾನ್ ಶುವಿನ ಉತ್ತರದ ತಿರುಳು ಇದು: ಎರಡು ಕಡೆಯ ಸಲಹೆಯೂ ಸಮವಾಗಿ ಒಳ್ಳೆಯದಾಗಿದ್ದರೆ ಹೆಚ್ಚಿನವರನ್ನು ಅನುಸರಿಸಬೇಕು. ಆದರೆ ಒಳಿತೇ ಬಹುಜನರಿಗೂ ಒಡೆಯ. ಈ ಮೂವರು ನಾಡಿನ ಹಿರಿಯ ಮಂತ್ರಿಗಳು, ಅವರ ಮಾತು ಬಹುಮತವೇ. ಎರಡು ವರ್ಷಗಳ ಬಳಿಕ, ಕ್ರಿ.ಪೂ. 583ರಲ್ಲಿ, ಅವನು ಮತ್ತೆ ತ್ಸಾಯಿಯ ಮೇಲೆ ಹೋದ, ಚು ಸೀಮೆಯೊಳಕ್ಕೆ ನುಗ್ಗಿ ಸೇನಾನಿಯೊಬ್ಬನನ್ನು ಸೆರೆಹಿಡಿದ, ಶೆನ್ ಎಂಬ ಹೆಸರಿನದೇ ಬೇರೊಂದು ಸಣ್ಣ ರಾಜ್ಯದ ಒಡೆಯನನ್ನೂ ಹಿಡಿದು ತಂದ. ಅದೇ ಮೂವರ ಸಲಹೆಯಂತೆ ನಡೆದದ್ದರ ಫಲ ಅದು ಎಂದು ‘ಝುವೊ ಝುವಾನ್’ ಎಂಬ ಇತಿಹಾಸ ಗ್ರಂಥ ಹೇಳುತ್ತದೆ. ಒಳ್ಳೆಯ ಮಾತನ್ನು ಹೊಳೆ ಹರಿದಷ್ಟು ಸರಾಗವಾಗಿ ಅನುಸರಿಸಿದ ಎಂದು ಅದು ಲುವಾನ್ ಶುವನ್ನು ಹೊಗಳಿತು. ‘ತ್ಸೊಂಗ್ ಶಾನ್ ರು ಲಿಯು’ ಎಂಬ ನಾಲ್ಕಕ್ಷರದ ನಾಣ್ಣುಡಿ ಹುಟ್ಟಿದ್ದು ಆ ಹೊಗಳಿಕೆಯಿಂದ.

ಈ ಕಥೆಯಲ್ಲಿ ದೊಡ್ಡದಾದ ಸಂಗತಿಯೆಂದರೆ ಲುವಾನ್ ಶು ಮೊದಲು ಯುದ್ಧಕ್ಕೆ ಮನಸ್ಸು ಮಾಡಿದ್ದ ಎಂಬುದು. ಬಿಯ ಸೋಲನ್ನು ಕಂಡವನಿಗೂ ಗೆಲ್ಲುವ ಆಸೆ ಬಂತು. ಆ ಆಸೆಯನ್ನು ದಾಟಿ ಕೇಳಿದ್ದೇ ಅವನ ಹಿರಿಮೆ. ನಮ್ಮ ಮಹಾಭಾರತದಲ್ಲಿ ವಿದುರನಿದ್ದ, ಅವನ ಮಾತೂ ಇತ್ತು. ಧೃತರಾಷ್ಟ್ರ ಆ ಮಾತನ್ನು ಕೇಳಿ ಮೆಚ್ಚಿ, ಮಗನ ಮಾತನ್ನು ನಡೆಸಿದ. ನಷ್ಟ ಎಲ್ಲಿ ಆಗುತ್ತದೆ ಎಂಬುದು ಅಲ್ಲಿದೆ. ಬುದ್ಧಿ ಹೇಳುವವರು ಎಲ್ಲ ಕಾಲಕ್ಕೂ ಇದ್ದಾರೆ. ಕೇಳಿದ್ದನ್ನು ನಡೆಸುವವರು ವಿರಳ.

ಲಂಡನ್ನಿನಲ್ಲಿ 1883ರಲ್ಲಿ ಆ ವಿರಳ ಸಂಗತಿ ನಡೆಯಿತು. ಟೇಲರ್ ಸಂಸ್ಥೆಯ ಮಾತು ನಿಂತಿತು. ಕೊನೆಯ ಹಣದೊಡನೆ ಕ್ಯಾಪ್ಟನ್ ಬಿ. ಡಿ. ಪ್ಲಮರ್ ಎಂಬ ಗಣಿಗ ಮಾರಿಕುಪ್ಪಕ್ಕೆ ಬಂದ. ಅವನು ಮೊದಲು ಓದಿದ್ದು ನೆಲವನ್ನು. ಹಿಂದಿನವರ ಅಗೆತದ ಗುಂಡಿಗಳು ಉತ್ತರ ದಕ್ಷಿಣವಾಗಿ ಸಾಲುಹಿಡಿದು ಹೋಗುವುದನ್ನು ಕಂಡ. ಹೊಸ ಕಂಪನಿಗಳು ಹೆಚ್ಚಾಗಿ ಅವನ್ನು ಬರಿದಾದ ಹಳೆಯ ಹಾಳುಗುಂಡಿಗಳೆಂದು ಬಿಟ್ಟು ಬೇರೆಡೆ ತೋಡಿದ್ದವು. ಇಷ್ಟು ಕಷ್ಟಪಟ್ಟು ಇಷ್ಟು ಆಳ ಇಳಿದವರು ಸುಮ್ಮನೆ ಇಳಿದಿರಲಾರರು ಎಂಬ ನಂಬಿಕೆಯಿಂದ ಅವನು ಅವುಗಳ ಜಾಡು ಹಿಡಿದ. ಮಣ್ಣು ತೆಗೆಸಿ, ನೀರು ಬತ್ತಿಸಿ ನೋಡಿದಾಗ ಹಿಂದಿನವರು ನೂರಾರು ಅಡಿ ಆಳಕ್ಕೆ ಗಟ್ಟಿಬಂಡೆಯನ್ನು ಸೀಳಿಕೊಂಡು ಹೋಗಿದ್ದರು. ಉಳಿ, ಬೆಂಕಿ, ನೀರು, ಇಷ್ಟೇ ಅವರ ಸಾಧನ. ನೆಲದಡಿಯ ನೀರನ್ನು ಮೇಲೆತ್ತುವ ಶಕ್ತಿ ಮುಗಿದಲ್ಲಿ ಅವರು ನಿಂತಿದ್ದರು. ಅವರು ನಿಂತಲ್ಲಿಂದ ಕೆಳಗೆ ಪ್ಲಮರ್ ಹೋದ.

ಅಲ್ಲಿ ಸಿಕ್ಕಿದ್ದು ಚಾಂಪಿಯನ್ ಲೋಡ್. ಸರಾಸರಿ ನಾಲ್ಕು ಅಡಿ ದಪ್ಪದ, ಚಿನ್ನ ಬೆರೆತ ಬಿಳಿಗಲ್ಲಿನ ಸಿರೆ, ಮೈಲಿಗಟ್ಟಲೆ ಉದ್ದಕ್ಕೆ ಚಾಚಿಕೊಂಡದ್ದು, ಆಳಕ್ಕೆ ಇಳಿದಂತೆ ಮುಂದುವರಿಯುತ್ತಲೇ ಹೋದದ್ದು. 1885ರ ಹೊತ್ತಿಗೆ ಮೈಸೂರು ಗಣಿಯ ಅದೃಷ್ಟ ತಿರುಗಿತು. ಮುಚ್ಚಿದ್ದ ಉರಿಗಾಂ, ನಂದಿದುರ್ಗ ಗಣಿಗಳು ಮತ್ತೆ ಬಾಯ್ತೆರೆದವು; ಚಾಂಪಿಯನ್ ರೀಫ್, ಬಾಲಾಘಾಟ್ ಗಣಿಗಳೂ ಎದ್ದವು. ಮುಂದಿನ ಸುಮಾರು 120 ವರ್ಷಗಳಲ್ಲಿ ಈ ನೆಲ ಕೊಟ್ಟ ಚಿನ್ನ ಸುಮಾರು 800 ಟನ್. 13,000 ಪೌಂಡನ್ನು ಅಂದು ಹಂಚಿಕೊಂಡಿದ್ದರೆ ಈ ಚಿನ್ನ ಇನ್ನೆಷ್ಟು ಕಾಲ ಕತ್ತಲೆಯಲ್ಲಿ ಇರುತ್ತಿತ್ತೋ!

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ಲಮರನಿಗೆ ಟೇಲರ್ ಸಂಸ್ಥೆ ಬಲ ಕೊಟ್ಟಿತು, ಟೇಲರ್ ಸಂಸ್ಥೆಗೆ ಪಾಲುದಾರರು ಕಿವಿಗೊಟ್ಟರು, ಇದು ದಾಖಲೆಯಲ್ಲಿದೆ. ಆದರೆ ಆ ಸಲಹೆಯ ಮೂಲ ಇನ್ನೂ ಹಿಂದಿನದು. ವಾರನ್ನನೆದುರು ಮಣ್ಣು ತೊಳೆದ ಉರಿಗಾಂನ ಹಳ್ಳಿಗರು, 45 ಅಡಿಯ ಗುಂಡಿಗೆ ಇಳಿದಿದ್ದ ಮಾರಿಕುಪ್ಪದ ಕೇರಿಯವರು, ಅವರಿಗೂ ಸಾವಿರ ವರ್ಷ ಹಿಂದೆ ಬಂಡೆ ಬಿರಿಸಿದವರು, ಇವರೇ ಮೊದಲ ಸಲಹೆಗಾರರು. ತಜ್ಞತೆ ಪದವಿಯಿಂದ ಬರುವುದಕ್ಕೆ ಮೊದಲು ಕೈಯಿಂದ ಬರುತ್ತದೆ ಎಂದು ಕೋಲಾರದ ನೆಲ ಸಾಧಿಸಿ ತೋರಿಸಿತು.

ಚಿನ್ನ ಸಿಕ್ಕ ಮೇಲೆ ಸೀಮೆಯ ಚಹರೆ ಬದಲಾಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ ಹತ್ತು ಮೈಲಿಯ ರೈಲು ದಾರಿ ತೆರೆಯಿತು. ಕಾರ್ನ್‌ವಾಲಿನ ಗಣಿಗರು, ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಕಡೆಯ ತಮಿಳು ಮತ್ತು ತೆಲುಗು ಕೂಲಿಗಳು, ಸುತ್ತಲಿನ ಕನ್ನಡ ಹಳ್ಳಿಗಳ ಜನ, ಎಲ್ಲರೂ ಬಂಗಾರಪೇಟೆಯಲ್ಲಿ ಇಳಿದು ಗಣಿಯ ಗಾಡಿ ಹತ್ತಿದರು. ನೆಲದ ಮೇಲೆ ಗಣಿಯ ಬಂಗಲೆಗಳು, ಕೂಲಿ ಲೈನುಗಳು. ನೆಲದಡಿಯಲ್ಲಿ ಇನ್ನೊಂದು ಊರು. ಆ ಊರಿಗೆ ಬೆಳಕು ಬೇಕು, ನೀರೆತ್ತಲು ಯಂತ್ರ ಬೇಕು, ಕಲ್ಲು ಕುಟ್ಟಲು ಶಕ್ತಿ ಬೇಕು. ಉರುವಲು ಸೌದೆ, ಹೊರಗಿನಿಂದ ತರಿಸುವ ಕಲ್ಲಿದ್ದಲು ಎರಡೂ ದುಬಾರಿ.

ಆಗ ಎರಡನೆಯ ಬಾರಿ ಒಂದು ದಿಟ್ಟ ಸಲಹೆ ಬಂತು. ಈ ಸಲ ಕೇಳಿದ್ದು ಲಂಡನ್ನಲ್ಲ, ಮೈಸೂರು. ರಾಜ್ಯದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಎಂಬ ಕೆನಡಾದವನು ಶಿವನಸಮುದ್ರದ ಕಾವೇರಿ ಜಲಪಾತದಿಂದ ವಿದ್ಯುತ್ ತೆಗೆದು ಕೋಲಾರಕ್ಕೆ ಸಾಗಿಸೋಣ ಎಂದ. ನಡುವಿನ ದೂರ 92 ಮೈಲಿ. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಆ ದಿನಗಳಲ್ಲಿ ಅಪರೂಪದ ಸಾಹಸ. ಏಷ್ಯಾದಲ್ಲಿ ಅಂಥದ್ದು ಇರಲೇ ಇಲ್ಲ. 1883ರಿಂದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಆ ಸಲಹೆಯನ್ನು ತೂಗಿ ನೋಡಿದರು. ಲಾಟ್ಬಿನಿಯರ್‌ನನ್ನು ಅಮೆರಿಕಕ್ಕೂ ಯುರೋಪಿಗೂ ಕಳಿಸಿ ಪರಿಶೀಲಿಸಿದರು. ಸರಿಯೆಂದು ಕಂಡ ಮೇಲೆ ಹಿಂದೆ ನೋಡಲಿಲ್ಲ. ಸ್ವಿಟ್ಜರ್‌ಲೆಂಡಿನ ಎಷರ್ ವೀಸ್ ಕಂಪನಿಯ ಜಲಚಕ್ರಗಳು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳು ಆನೆ, ಎತ್ತುಗಳ ಬಲದಿಂದ ಕಾವೇರಿಯ ಕಣಿವೆಗೆ ಇಳಿದವು. 1902ರ ಜೂನ್ 30ರಂದು ಸುಮಾರು 4,000 ಅಶ್ವಶಕ್ತಿಯ ವಿದ್ಯುತ್ ಕೋಲಾರದ ಗಣಿಗಳನ್ನು ಮುಟ್ಟಿತು. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ, ಅದೇ ಕಾವೇರಿಯ ಬಲದಿಂದ.

ಇವೆರಡು ಕೇಳಿದ ಕಥೆಗಳು. ಕೋಲಾರದ ಚರಿತ್ರೆಯಲ್ಲಿ ಕೇಳದ ಕಥೆಗಳೂ ಇವೆ, ಅವನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಗಣಿ ಆಳವಾದಂತೆ ಬಂಡೆ ಸಿಡಿಯತೊಡಗಿತು. ಸಾವಿರಾರು ಅಡಿ ಕೆಳಗೆ ಮೇಲಿನ ನೆಲದ ಭಾರ ಬಂಡೆಯ ಮೇಲೆ ಒತ್ತಿ, ಕಲ್ಲು ಇದ್ದಕ್ಕಿದ್ದಂತೆ ಸ್ಫೋಟಿಸಿ ಸುರಂಗವನ್ನೇ ಮುಚ್ಚುತ್ತಿತ್ತು. ಮೇಲಿನ ಊರಿನಲ್ಲಿ ನೆಲ ನಡುಗಿದರೆ ಮನೆಮನೆಯ ಹೆಂಗಸರು ಬಾವಿಯ ಬಾಯಿಗೆ ಓಡುತ್ತಿದ್ದರು. ಯಾವ ಬಂಡೆ ಸದ್ದು ಮಾಡುತ್ತಿದೆ, ಯಾವ ಗೋಡೆ ಉಬ್ಬುತ್ತಿದೆ ಎಂದು ಮೊದಲು ತಿಳಿಯುತ್ತಿದ್ದುದು ಅದರಡಿ ನಿಂತು ಕೆಲಸ ಮಾಡುವವನಿಗೆ. ಮರದ ಆಸರೆಯ ಜಾಗದಲ್ಲಿ ಕಡಿದ ಕಲ್ಲಿನ ಗೋಡೆ, ಆಮೇಲೆ ಕಾಂಕ್ರೀಟು ಬಂದವು. ಕಂಪನವನ್ನು ಅಳೆಯುವ ಉಪಕರಣಗಳು ಬಂದವು. ಆ ಒಂದೊಂದು ಸುಧಾರಣೆಯ ಹಿಂದೆಯೂ ಹೋದ ಜೀವಗಳಿದ್ದವು.

ಕಾರ್ಮಿಕರ ಮಾತಿಗೆ ಬೆಲೆ ಬಂದದ್ದು ಅವರು ಕೆಲಸ ನಿಲ್ಲಿಸಿದ ಮೇಲೆಯೇ. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕಟ್ಟಳೆ ಬಂತು. ಕಳ್ಳರನ್ನು ಗುರುತಿಸುವ ವಿಧಾನವನ್ನು ದುಡಿಯುವವರ ಮೇಲೆ ಹೇರುವುದು ಅವಮಾನ ಎಂದು ಅವರು ಪ್ರತಿಭಟಿಸಿದರು. ಮೊದಲೇ ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಕೇಳಲಿಲ್ಲ. ಮೂರು ವಾರ ಗಣಿಗಳು ನಿಂತವು, ಕೊನೆಗೆ ಕಟ್ಟಳೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. 1946ರ ನವೆಂಬರ್ 4ರಂದು ಮತ್ತೊಂದು ಹೋರಾಟದ ನಡುವೆ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಇಂದಿಗೂ ಗಣಿಯ ಜನ ಆ ದಿನ ಅವರನ್ನು ಸ್ಮರಿಸುತ್ತಾರೆ.

1956ರಲ್ಲಿ ಗಣಿಗಳು ಮೈಸೂರು ರಾಜ್ಯದ ವಶಕ್ಕೆ ಬಂದವು, 1962ರಲ್ಲಿ ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿ ನಿಂತಿತು. ಆ ಆಳದ ಮೌನವನ್ನು ವಿಜ್ಞಾನಿಗಳು ಬಳಸಿಕೊಂಡರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಇಲ್ಲಿ ದೊರೆಯಿತು. ಆದರೆ ಕಲ್ಲಿನಲ್ಲಿ ಚಿನ್ನ ತೆಳುವಾಗುತ್ತಾ ಹೋಯಿತು. ಆರಂಭದಲ್ಲಿ ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಂ ಮೀರಿ ಕೊಟ್ಟ ನೆಲ ಕೊನೆಗೆ ಮೂರು ನಾಲ್ಕು ಗ್ರಾಮಿಗೆ ಬಂದು ನಿಂತಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಗಣಿಯ ಜೊತೆಗೆ ಊರಿನ ಅನ್ನವೂ ನಿಂತಿತು. ಬೆಳಗಿನ ಜಾವ ಮಾರಿಕುಪ್ಪ, ಚಾಂಪಿಯನ್, ಉರಿಗಾಂ, ಕೋರಮಂಡಲ ನಿಲ್ದಾಣಗಳಿಂದ ಜನ ಗಾಡಿ ಹತ್ತಿ ಬಂಗಾರಪೇಟೆಯ ದಾರಿಯಾಗಿ ಬೆಂಗಳೂರಿಗೆ ಕೂಲಿಗೆ, ಕಚೇರಿ ಕೆಲಸಕ್ಕೆ ಹೋಗುತ್ತಾರೆ, ಇರುಳಿಗೆ ಮರಳುತ್ತಾರೆ. ಚಿನ್ನ ತೆಗೆದ ಮೇಲೆ ಉಳಿದ ಅರೆದ ಕಲ್ಲಿನ ಪುಡಿ ಮೂರು ಕೋಟಿ ಟನ್ನಿಗೂ ಮಿಕ್ಕಿ ಬೆಟ್ಟಗಳಾಗಿ ಬಿದ್ದಿದೆ. ಜನ ಅವನ್ನು ಸಯನೈಡ್ ದಿಬ್ಬ ಎನ್ನುತ್ತಾರೆ. ಬೇಸಗೆಯ ಗಾಳಿಗೆ ಆ ದೂಳು ಮನೆಯೊಳಕ್ಕೆ ಬರುತ್ತದೆ, ಬಾವಿಗೆ ಬೀಳುತ್ತದೆ, ಉಸಿರಿಗೆ ಸೇರುತ್ತದೆ ಎಂದು ಅವರು ಹೇಳುತ್ತಲೇ ಇದ್ದಾರೆ. ಈ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಯೋಜನೆಗಳು ಆಗಾಗ ಸುದ್ದಿಯಾಗುತ್ತವೆ. ದಿಬ್ಬದ ಪಕ್ಕದಲ್ಲಿ ಬದುಕುವವರ ಮಾತು ಅಷ್ಟು ಸುದ್ದಿಯಾಗುವುದಿಲ್ಲ.

ಕೋಲಾರದ ಇನ್ನೂರು ವರ್ಷದ ಕಥೆ ಒಂದೇ ಪಾಠವನ್ನು ಮತ್ತೆ ಮತ್ತೆ ಕಲಿಸಿದೆ. ಹಳ್ಳಿಗರ ಮಾತನ್ನು ವಾರನ್ ಕೇಳಿದ್ದರಿಂದ ಚಿನ್ನದ ಸುಳಿವು ಉಳಿಯಿತು. ಅವನ ಬರಹವನ್ನು ಲವೆಲ್ ನಂಬಿದ್ದರಿಂದ ಅಗೆತ ಶುರುವಾಯಿತು. ಕೆಲವೇ ಬಲ್ಲವರ ಮಾತಿಗೆ ಪಾಲುದಾರರು ತಲೆಬಾಗಿದ್ದರಿಂದ ಸಿರೆ ಸಿಕ್ಕಿತು. ಒಬ್ಬ ಎಂಜಿನಿಯರನ ದಿಟ್ಟತನಕ್ಕೆ ದಿವಾನರು ಕಿವಿಗೊಟ್ಟಿದ್ದರಿಂದ ಕಾವೇರಿ ಬೆಳಕಾದಳು. ಎಲ್ಲೆಲ್ಲಿ ಕೆಳಗಿನವರ ಮಾತು ಮೇಲಕ್ಕೆ ಏರಿತೋ ಅಲ್ಲೆಲ್ಲ ನಾಡು ಗೆದ್ದಿತು. ಎಲ್ಲೆಲ್ಲಿ ಅದನ್ನು ಬಾವಿಯ ಬಾಯಲ್ಲೇ ತಡೆದರೋ ಅಲ್ಲೆಲ್ಲ ಜೀವಗಳು ಹೋದವು, ಕೆಲಸ ನಿಂತಿತು.

ಆದ್ದರಿಂದ ಇಂದು ಕೆ.ಜಿ.ಎಫ್. ಎಂದು ಕರೆಯುವ ಈ ಗಣಿಯ ಊರನ್ನು ಏನು ಮಾಡಬೇಕು ಎಂದು ಯೋಚಿಸುವವರು, ಅವರು ಮಂತ್ರಿಗಳಾಗಲಿ ಕಂಪನಿಯವರಾಗಲಿ, ಮೊದಲು ಹೋಗಬೇಕಾದ್ದು ಆ ಕೂಲಿ ಲೈನುಗಳಿಗೆ. ಮೂರು ತಲೆಮಾರು ನೆಲದಡಿ ದುಡಿದವರ ಮಕ್ಕಳು ಅಲ್ಲಿದ್ದಾರೆ. ಯಾವ ಸುರಂಗದಲ್ಲಿ ನೀರು ನಿಂತಿದೆ, ಯಾವ ದಿಬ್ಬದ ದೂಳು ಯಾವ ಬೀದಿಗೆ ಬೀಳುತ್ತದೆ, ಯಾವ ಮನೆಯಲ್ಲಿ ಕೆಮ್ಮು ನಿಂತಿಲ್ಲ ಎಂದು ಅವರಿಗೆ ಗೊತ್ತು. ಮತದ ಲೆಕ್ಕದಲ್ಲಿ ಅವರು ಕೆಲವರೇ ಇರಬಹುದು. ಆ ನೆಲದ ವಿಷಯದಲ್ಲಿ ಅವರೇ ಬಲ್ಲವರು, ಆದ್ದರಿಂದ ಅವರ ಮಾತೇ ಬಹುಮತ. ಅದನ್ನು ಕೇಳಿ ನಡೆಸುವುದು ಈ ನೆಲದಿಂದ ಇಷ್ಟು ಚಿನ್ನ ಪಡೆದ ನಾಡು ಇನ್ನೂ ತೀರಿಸದ ಸಾಲ.